ಗಾಯಾಳುವಿನ ಭಾನುವಾರವೂ ಲೆಕ್ಕಕ್ಕೆ ಬರಬೇಕು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಪ್ರತಿ ವರ್ಷ ಮಾರ್ಚ್ 4ರಂದು ರಾಷ್ಟ್ರೀಯ ಸುರಕ್ಷತಾ ದಿನ ಬಂದಾಗ ರಾಜ್ಯದ ಕೈಗಾರಿಕಾ ಪ್ರದೇಶಗಳಲ್ಲಿ ಬ್ಯಾನರುಗಳು ಏಳುತ್ತವೆ, ಕಾರ್ಮಿಕರನ್ನು ಸಾಲಾಗಿ ನಿಲ್ಲಿಸಿ ಪ್ರತಿಜ್ಞೆ ಬೋಧಿಸಲಾಗುತ್ತದೆ, ಅಪಘಾತವಿಲ್ಲದೆ ಹೆಚ್ಚು ದಿನ ಕಳೆದ ಕಾರ್ಖಾನೆಗಳಿಗೆ ಫಲಕಗಳನ್ನು ನೀಡಲಾಗುತ್ತದೆ. ಈ ಸಮಾರಂಭಗಳ ವರದಿಗಳು ನಿಮ್ಮ ಪತ್ರಿಕೆಯಲ್ಲೂ ಪ್ರಕಟವಾಗುತ್ತವೆ. ಆದರೆ ಕಾರ್ಖಾನೆಯ ಗೇಟಿನಲ್ಲಿ ತೂಗುಹಾಕಿರುವ ಆ ದಿನಗಳ ಸಂಖ್ಯೆ ಯಾವ ಲೆಕ್ಕದಿಂದ ಬರುತ್ತದೆ, ಕೈ ಜಜ್ಜಿಕೊಂಡ ಕಾರ್ಮಿಕನ ಎಷ್ಟು ದಿನಗಳನ್ನು ಯಾರು, ಯಾವ ಪುಸ್ತಕದಲ್ಲಿ, ಹೇಗೆ ಬರೆದುಕೊಳ್ಳುತ್ತಾರೆ ಎಂಬ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ಕಾರ್ಖಾನೆಗಳಲ್ಲಿ ಸುರಕ್ಷತಾ ಅಧಿಕಾರಿಯಾಗಿ ದುಡಿದು ನಿವೃತ್ತನಾಗಿರುವ ನಾನು ಈ ಪ್ರಶ್ನೆಯೊಂದನ್ನೇ ಓದುಗರ ಮತ್ತು ರಾಜ್ಯದ ಕಾರ್ಮಿಕ ಇಲಾಖೆಯ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ.

1948ರ ಕಾರ್ಖಾನೆಗಳ ಕಾಯ್ದೆಯ 88ನೇ ಕಲಮಿನ ಪ್ರಕಾರ, ಅಪಘಾತದಿಂದ ಸಾವು ಸಂಭವಿಸಿದರೆ, ಅಥವಾ ಗಾಯಗೊಂಡವನು ಅಪಘಾತದ ನಂತರದ 48 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ಕೆಲಸ ಮಾಡಲಾರದ ಸ್ಥಿತಿಗೆ ಬಂದರೆ, ಕಾರ್ಖಾನೆಯ ವ್ಯವಸ್ಥಾಪಕರು ಅದನ್ನು ಸರ್ಕಾರಕ್ಕೆ ತಿಳಿಸಬೇಕಿತ್ತು. ಆ ಕಾಯ್ದೆಯ ಜಾಗಕ್ಕೆ ನವೆಂಬರ್ 21, 2025ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯು 10ನೇ ಕಲಮಿನಲ್ಲಿ ಇದೇ 48 ಗಂಟೆಗಳ ಅಳತೆಯನ್ನು ಮುಂದುವರಿಸಿದೆ. ಕಾರ್ಮಿಕರ ರಾಜ್ಯ ವಿಮಾ ಯೋಜನೆ, ಅಂದರೆ ಎಲ್ಲರೂ ಇ.ಎಸ್.ಐ. ಎಂದು ಕರೆಯುವ ವ್ಯವಸ್ಥೆಯಲ್ಲಿ ಅಳತೆ ಬೇರೆ: ಅಪಘಾತ ನಡೆದ ದಿನವನ್ನು ಬಿಟ್ಟು ಕನಿಷ್ಠ ಮೂರು ದಿನ ಕೆಲಸಕ್ಕೆ ಅಸಮರ್ಥನಾದರೆ ಮಾತ್ರ ತಾತ್ಕಾಲಿಕ ಅಂಗವೈಕಲ್ಯದ ಪರಿಹಾರ ಸಿಗುತ್ತದೆ. ಇ.ಎಸ್.ಐ. ವ್ಯಾಪ್ತಿಗೆ ಬಾರದವರಿಗೆ ಅನ್ವಯಿಸುತ್ತಿದ್ದ 1923ರ ಪರಿಹಾರ ಕಾಯ್ದೆಯಲ್ಲಿ, ಅಸಮರ್ಥತೆ ಮೂರು ದಿನಗಳನ್ನು ಮೀರದಿದ್ದರೆ ಮಾಲೀಕನಿಗೆ ಹೊಣೆಯೇ ಇರಲಿಲ್ಲ. ಅದರ ಜಾಗಕ್ಕೆ ಈಗ ಬಂದಿರುವ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ ಮಿತಿ ಹಾಗೆಯೇ ಇದೆ. ಹಟ್ಟಿಯಂತಹ ಗಣಿಗಳಿಗೆ ಅನ್ವಯವಾಗುತ್ತಿದ್ದ 1952ರ ಗಣಿ ಕಾಯ್ದೆಯಲ್ಲಿ 72 ಗಂಟೆಗಳ ಗೈರುಹಾಜರಿಯ ಲೆಕ್ಕವಿತ್ತು. ಒಂದೇ ಬೆರಳಿನ ಒಂದೇ ಗಾಯ ಒಂದು ಕಾನೂನಿನ ಕಣ್ಣಿಗೆ ಬಿದ್ದು ಇನ್ನೊಂದರ ಕಣ್ಣಿಗೆ ಬೀಳದೆ ಹೋಗಬಹುದಾದ ಸ್ಥಿತಿ ಇದು.

ಅಳತೆಗಳು ಹಲವು ಇರುವುದು ಅಷ್ಟೇನೂ ದೊಡ್ಡ ತೊಂದರೆಯಲ್ಲ. ಆ ಅಳತೆಗಳನ್ನು ದಾಟದಂತೆ ಗಾಯಾಳುವನ್ನು ಕಾರ್ಖಾನೆಗೆ ಕರೆತರುವ ಪದ್ಧತಿಯೇ ನಿಜವಾದ ತೊಂದರೆ. ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ, ಲೋಹದ ಹಾಳೆಯನ್ನು ಒತ್ತಿ ಆಕಾರ ಕೊಡುವ ಪವರ್ ಪ್ರೆಸ್ಸಿನ ಆಪರೇಟರ್ ಒಬ್ಬನ ಎರಡು ಬೆರಳು ಜಜ್ಜಿದವು ಎಂದು ಇಟ್ಟುಕೊಳ್ಳೋಣ. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಹೊಲಿಗೆ ಹಾಕಿ, ಹದಿನೈದು ದಿನ ವಿಶ್ರಾಂತಿ ಬೇಕೆಂದು ವೈದ್ಯರು ಚೀಟಿ ಬರೆದುಕೊಡುತ್ತಾರೆ. ಶನಿವಾರ ಅವನು ಮನೆಯಲ್ಲಿರುತ್ತಾನೆ. ಭಾನುವಾರ ವಾರದ ರಜೆ. ಸೋಮವಾರ ಬೆಳಿಗ್ಗೆ ಕಂಪನಿಯ ವಾಹನವೇ ಮನೆಯ ಬಾಗಿಲಿಗೆ ಬರುತ್ತದೆ. ಬ್ಯಾಂಡೇಜು ಕಟ್ಟಿದ ಕೈಯಲ್ಲೇ ಅವನು ಹಾಜರಿ ಪಂಚ್ ಮಾಡಿ, ಸ್ಟೋರ್ಸಿನಲ್ಲಿ ಒಂದು ಕುರ್ಚಿಯ ಮೇಲೆ ಕುಳಿತು, ಬಂದುಹೋಗುವ ಸಾಮಾನುಗಳಿಗೆ ಟಿಕ್ ಹಾಕುತ್ತಾನೆ. ಹಾಜರಿ ಪುಸ್ತಕದ ಪ್ರಕಾರ ಅವನು ತಪ್ಪಿಸಿಕೊಂಡದ್ದು ಶನಿವಾರ ಒಂದೇ ದಿನ. ಆ ಒಂದು ದಿನದ ಆಧಾರದ ಮೇಲೆ 48 ಗಂಟೆ ಆಗಿಲ್ಲವೆಂದು ಕಾರ್ಖಾನೆ ಇಲಾಖೆಗೆ ಸೂಚನೆ ಹೋಗುವುದಿಲ್ಲ. ಶನಿವಾರ ಮತ್ತು ಭಾನುವಾರ ಸೇರಿ ಎರಡೇ ದಿನವಾದ್ದರಿಂದ ಇ.ಎಸ್.ಐ.ನ ಮೂರು ದಿನಗಳ ಮೆಟ್ಟಿಲೂ ದಾಟುವುದಿಲ್ಲ. ಸೋಮವಾರ ಬೆಳಗಿನ ಆ ಒಂದು ಪಂಚ್ ಎರಡು ಕಾನೂನುಗಳಿಂದ ಒಂದು ಅಪಘಾತವನ್ನು ಮರೆಮಾಡುತ್ತದೆ, ಗೇಟಿನ ಫಲಕದ ಸಂಖ್ಯೆ ಒಂದು ದಿನ ಮುಂದಕ್ಕೆ ಹೋಗುತ್ತದೆ.

ಕಾನೂನಿನ ಮಾತನ್ನು ನೇರವಾಗಿ ಓದಿದರೆ ಈ ವಾದ ನಿಲ್ಲುವುದಿಲ್ಲ. ಕಲಮು ಕೇಳುವುದು ಗಾಯಾಳು ಎಷ್ಟು ಪಾಳಿಗಳನ್ನು ತಪ್ಪಿಸಿಕೊಂಡ ಎಂಬುದನ್ನಲ್ಲ, ಎಷ್ಟು ಹೊತ್ತು ಅವನಿಗೆ ಕೆಲಸ ಮಾಡಲು ಸಾಧ್ಯವಾಗಲಿಲ್ಲ ಎಂಬುದನ್ನು. ಶುಕ್ರವಾರ ಮೂರು ಗಂಟೆಯಿಂದ ಭಾನುವಾರ ಮೂರು ಗಂಟೆಗೆ 48 ಗಂಟೆ ತುಂಬಿದವು. ಆ ಹೊತ್ತಿನಲ್ಲಿ ಕಾರ್ಖಾನೆ ತೆರೆದಿದ್ದರೂ ಮುಚ್ಚಿದ್ದರೂ ಅವನ ಬೆರಳುಗಳು ಪ್ರೆಸ್ ಓಡಿಸುವ ಸ್ಥಿತಿಯಲ್ಲಿರಲಿಲ್ಲ. ಸೋಮವಾರ ಸ್ಟೋರ್ಸಿನಲ್ಲಿ ಕುಳಿತದ್ದೂ ಅವನ ಕೆಲಸವಲ್ಲ. ಹೀಗಿದ್ದರೂ ಟೈಮ್ ಆಫೀಸಿನ ಗುಮಾಸ್ತರು ನೋಡುವುದು ಹಾಜರಿಯನ್ನು, ಏಕೆಂದರೆ ಸಂಬಳದ ಲೆಕ್ಕಕ್ಕೆ ಅವರಿಗೆ ಬೇಕಾದದ್ದು ಅದೇ. ಅಪಘಾತದ ಲೆಕ್ಕವನ್ನೂ ಅದೇ ಪುಸ್ತಕದಿಂದ ಎತ್ತಿ ಬರೆಯುವುದು ರೂಢಿಯಾಗಿಬಿಟ್ಟಿದೆ.

ಈ ವಿಷಯದಲ್ಲಿ ನಮ್ಮಲ್ಲೇ ಒಂದು ಸ್ಪಷ್ಟವಾದ ಮಾನಕವಿದೆ ಎಂಬುದು ಬಹಳ ಮಂದಿಗೆ ತಿಳಿದಿಲ್ಲ. ಕೈಗಾರಿಕಾ ಗಾಯಗಳ ಪುನರಾವರ್ತನೆಯ ದರ (ಎಷ್ಟು ಸಲ ಗಾಯವಾಯಿತು) ಮತ್ತು ತೀವ್ರತೆಯ ದರವನ್ನು (ಎಷ್ಟು ದಿನ ನಷ್ಟವಾಯಿತು) ಲೆಕ್ಕ ಹಾಕುವ ವಿಧಾನವನ್ನು ಭಾರತೀಯ ಮಾನಕ ಐ.ಎಸ್. 3786 ವಿವರಿಸುತ್ತದೆ, ಅದರ ಪರಿಷ್ಕೃತ ರೂಪ 1983ರದ್ದು. ಅಪಘಾತದ ದಿನವನ್ನೂ ಕೆಲಸಕ್ಕೆ ಮರಳಿದ ದಿನವನ್ನೂ ಬಿಟ್ಟು, ನಡುವಿನ ಎಲ್ಲ ಕ್ಯಾಲೆಂಡರ್ ದಿನಗಳನ್ನು, ಅಂದರೆ ಭಾನುವಾರಗಳನ್ನೂ ರಜಾ ದಿನಗಳನ್ನೂ ಕಾರ್ಖಾನೆ ಮುಚ್ಚಿದ್ದ ದಿನಗಳನ್ನೂ ಸೇರಿಸಿ ಎಣಿಸಬೇಕೆಂದು ಅದು ಹೇಳುತ್ತದೆ. ಒಮ್ಮೆ ಕೆಲಸಕ್ಕೆ ಮರಳಿದವನು ಅದೇ ಗಾಯದ ಕಾರಣಕ್ಕೆ ಮತ್ತೆ ಮನೆಯಲ್ಲಿ ಉಳಿದರೆ ಆ ದಿನಗಳೂ ಮೊದಲಿನ ಲೆಕ್ಕಕ್ಕೇ ಸೇರಬೇಕು. ಸಾವಿಗೆ ಅಥವಾ ಸಂಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ 6,000 ದಿನಗಳನ್ನು ವಿಧಿಸಲಾಗುತ್ತದೆ. ವರ್ಷಕ್ಕೆ 300 ದಿನದಂತೆ ಇಪ್ಪತ್ತು ವರ್ಷಗಳ ದುಡಿಮೆ ಎಂಬ ಲೆಕ್ಕ ಅದು. ಅಂಗದ ಒಂದು ಭಾಗ ಶಾಶ್ವತವಾಗಿ ಹೋದರೆ, ಕಾರ್ಮಿಕ ನಾಲ್ಕೇ ದಿನದಲ್ಲಿ ಕೆಲಸಕ್ಕೆ ಬಂದಿದ್ದರೂ, ಅನುಬಂಧದ ಪಟ್ಟಿಯಲ್ಲಿ ನಿಗದಿಯಾದಷ್ಟು ದಿನಗಳನ್ನು ಬರೆಯಬೇಕು. ಒಬ್ಬ ಮನುಷ್ಯನ ಜೀವವನ್ನು ಆರು ಸಾವಿರ ದಿನಗಳಿಗೆ ಇಳಿಸುವುದು ಕ್ರೂರವೆಂದು ತೋರಬಹುದು, ನನಗೂ ಹಾಗೆ ತೋರಿದೆ. ಆದರೆ ಆ ಸಂಖ್ಯೆಯ ಉದ್ದೇಶ ಜೀವದ ಬೆಲೆ ಕಟ್ಟುವುದಲ್ಲ, ಸಾವಿನ ದಿನದಿಂದ ಆಚೆಗೆ ಗೈರುಹಾಜರಿ ಸೊನ್ನೆ ಎಂದು ಯಾರೂ ಬರೆಯದಂತೆ ತಡೆಯುವುದು.

ಎಣಿಕೆಯ ವಿಧಾನ ಬದಲಾದರೆ ಚಿತ್ರ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಒಂದು ಕಾಲ್ಪನಿಕ ಲೆಕ್ಕ ಸಾಕು. 400 ಮಂದಿ ದುಡಿಯುವ ಕಾರ್ಖಾನೆಯೊಂದರಲ್ಲಿ ವರ್ಷಕ್ಕೆ 300 ದಿನ, ದಿನಕ್ಕೆ ಎಂಟು ಗಂಟೆಯಂತೆ ಒಟ್ಟು 9,60,000 ಮಾನವ ಗಂಟೆಗಳ ಕೆಲಸ ನಡೆಯುತ್ತದೆ. ಆ ವರ್ಷ ಮೂವರು ಗಾಯಗೊಂಡರು, ವೈದ್ಯರು ಅವರಿಗೆ ಕ್ರಮವಾಗಿ 15, 21 ಮತ್ತು 60 ದಿನಗಳ ವಿಶ್ರಾಂತಿ ಬರೆದರು ಎಂದುಕೊಳ್ಳೋಣ. ಒಟ್ಟು 96 ದಿನಗಳಾದವು. ಹತ್ತು ಲಕ್ಷ ಮಾನವ ಗಂಟೆಗಳಿಗೆ ಎಷ್ಟು ದಿನ ನಷ್ಟವಾಯಿತು ಎಂಬ ತೀವ್ರತೆಯ ದರ ಆಗ ಸರಿಯಾಗಿ 100 ಬರುತ್ತದೆ. ಅದೇ ಮೂವರನ್ನು ತಲಾ ಎರಡೆರಡು ದಿನದಲ್ಲಿ ಕರೆತಂದು ಕೂರಿಸಿ, ಹಾಜರಿ ಪುಸ್ತಕದ ಆರು ದಿನಗಳನ್ನಷ್ಟೇ ಬರೆದರೆ ದರ 6.25ಕ್ಕೆ ಇಳಿಯುತ್ತದೆ. ಯಂತ್ರಗಳು ಅವೇ, ಕೈ ಸಿಕ್ಕದಂತೆ ತಡೆಯುವ ಗಾರ್ಡ್ ಇಲ್ಲದ ಪ್ರೆಸ್ ಅದೇ, ಗಾಯಗಳೂ ಅವೇ. ಸುರಕ್ಷತೆ ಮಾತ್ರ ಹದಿನಾರು ಪಟ್ಟು ಸುಧಾರಿಸಿದಂತೆ ಕಾಣುತ್ತದೆ. ಬಹುಮಾನದ ಅರ್ಜಿಯಲ್ಲಿ ನಮೂದಾಗುವುದು ಈ ಎರಡನೆಯ ಸಂಖ್ಯೆಯೇ ಆಗಿದ್ದರೆ, ಪ್ರಾಮಾಣಿಕವಾಗಿ 96 ದಿನ ಬರೆದ ಪಕ್ಕದ ಕಾರ್ಖಾನೆ ಆ ಸ್ಪರ್ಧೆಯಲ್ಲಿ ಸೋಲುವುದು ನಿಶ್ಚಿತ. ಪ್ರಾಮಾಣಿಕರನ್ನು ಸೋಲಿಸುವ ಸ್ಪರ್ಧೆಯನ್ನು ಸುರಕ್ಷತೆಯ ಹೆಸರಿನಲ್ಲಿ ನಡೆಸುವುದರ ಔಚಿತ್ಯವನ್ನು ಸಂಘಟಕರೇ ಯೋಚಿಸಬೇಕು.

ಇದರಲ್ಲಿ ಕಾರ್ಮಿಕನ ಪಾಲೂ ಇದೆ ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮನೆಯಲ್ಲಿ ಉಳಿದರೆ ಇ.ಎಸ್.ಐ.ನಿಂದ ಬರುವುದು ಸರಾಸರಿ ದಿನಗೂಲಿಯ ಶೇ 90. ಅದೂ ಪ್ರಮಾಣಪತ್ರಗಳು ಹೋಗಿ, ಶಾಖಾ ಕಚೇರಿಯಲ್ಲಿ ಪರಿಶೀಲನೆಯಾಗಿ, ಬ್ಯಾಂಕ್ ಖಾತೆಗೆ ಬೀಳುವಷ್ಟರಲ್ಲಿ ಮನೆ ಬಾಡಿಗೆಯ ದಿನ ದಾಟಿರುತ್ತದೆ. ಕಂಪನಿಗೆ ಬಂದು ಕುಳಿತರೆ ಪೂರ್ತಿ ಸಂಬಳ, ಜೊತೆಗೆ ಹಾಜರಿ ಭತ್ಯೆ. ತಿಂಗಳಿಗೆ ಹದಿನೈದು ಹದಿನೆಂಟು ಸಾವಿರ ದುಡಿಯುವವನು ಎರಡನೆಯದನ್ನು ಆರಿಸಿಕೊಂಡರೆ ಅವನನ್ನು ದೂರಲಾಗದು. ‘ಸುಮ್ಮನೆ ಕೂತ್ಕೋ, ಸಂಬಳ ಬರುತ್ತೆ, ಇ.ಎಸ್.ಐ.ಗೆ ಯಾಕೆ ಅಲೀತೀಯ’ ಎಂದು ಸೂಪರ್‌ವೈಸರ್ ಹೇಳುವ ಮಾತಿನಲ್ಲಿ ಒಂದು ಬಗೆಯ ಕಾಳಜಿಯೂ ಇರುತ್ತದೆ, ಎಲ್ಲರೂ ಕಪಟಿಗಳಲ್ಲ. ಹಗುರ ಕೆಲಸ ಕೊಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. ವೈದ್ಯರ ಒಪ್ಪಿಗೆಯಿದ್ದು, ಗಾಯಕ್ಕೆ ತೊಂದರೆಯಾಗದಿದ್ದರೆ ಅದು ಒಳ್ಳೆಯದೇ. ಹಾಗೆ ಹಗುರ ಕೆಲಸದಲ್ಲಿ ಕಳೆದ ದಿನಗಳನ್ನು ಗಾಯದ ಲೆಕ್ಕದಿಂದ ಅಳಿಸಿಹಾಕುವುದು ತಪ್ಪು.

ಅಳಿಸಿದ್ದರ ಪರಿಣಾಮ ಕಾಣಿಸುವುದು ತಿಂಗಳುಗಳ ನಂತರ. ಹೊಲಿಗೆ ಬಿಚ್ಚಿ, ಊತ ಇಳಿದು, ಪ್ರೆಸ್ಸಿಗೆ ಮರಳಿದ ಮೇಲೆ ಬೆರಳು ಮಡಚಲು ಬಾರದೆಂದು ಗೊತ್ತಾಗುತ್ತದೆ. ಆಗ ಅವನಿಗೆ ಬೇಕಾಗುವುದು ಶಾಶ್ವತ ಅಂಗವೈಕಲ್ಯದ ಪರಿಹಾರ, ಅದನ್ನು ನಿರ್ಧರಿಸಲು ವೈದ್ಯಕೀಯ ಮಂಡಳಿಯ ತಪಾಸಣೆ. ಆದರೆ ಅದಕ್ಕೆಲ್ಲ ಮೊದಲು ಈ ಗಾಯ ಕೆಲಸದ ವೇಳೆಯಲ್ಲಿ, ಕೆಲಸದ ಕಾರಣದಿಂದ ಆದದ್ದೆಂದು ದಾಖಲೆ ಇರಬೇಕು. ಕಾರ್ಖಾನೆಯ ಅಪಘಾತ ಪುಸ್ತಕದಲ್ಲಿ ನಮೂದಿಲ್ಲ, ಇ.ಎಸ್.ಐ.ಗೆ ಮಾಲೀಕರು ಕಳುಹಿಸಬೇಕಾದ ಅಪಘಾತ ವರದಿ ಹೋಗಿಲ್ಲ, ನರ್ಸಿಂಗ್ ಹೋಮಿನ ಚೀಟಿಯಲ್ಲಿ ‘ಮನೆಯಲ್ಲಿ ಬಿದ್ದು ಗಾಯ’ ಎಂದು ಬರೆಸಿರುವುದೂ ಉಂಟು. ಪರಿಹಾರ ಕಾಯ್ದೆಯ ಅನುಸೂಚಿ ಹೆಬ್ಬೆರಳು ಹೋದರೆ ಗಳಿಕೆಯ ಸಾಮರ್ಥ್ಯದಲ್ಲಿ ಶೇ 30, ತೋರುಬೆರಳು ಪೂರ್ತಿ ಹೋದರೆ ಶೇ 14 ನಷ್ಟವೆಂದು ಗೊತ್ತುಪಡಿಸಿತ್ತು. ಅಂಥ ಶೇಕಡಾವಾರಿನ ಮೇಲೆ ಇ.ಎಸ್.ಐ.ನಿಂದ ಜೀವಮಾನವಿಡೀ ಬರಬೇಕಾದ ಮಾಸಿಕ ಹಣ, ಮೊದಲ ಸೋಮವಾರ ಸ್ಟೋರ್ಸಿನ ಕುರ್ಚಿಯಲ್ಲಿ ಕುಳಿತದ್ದರಿಂದ ಕೈತಪ್ಪುತ್ತದೆ. ಕೆಲವರಿಗೆ ಅದೇ ಗಾಯವನ್ನು ಸಾಮಾನ್ಯ ಕಾಯಿಲೆಯೆಂದು ತೋರಿಸಿ ರಜೆ ಹಾಕಿಸಲಾಗುತ್ತದೆ. ಕಾಯಿಲೆಯ ಪರಿಹಾರ ಶೇ 70 ಮಾತ್ರ, ವರ್ಷಕ್ಕೆ 91 ದಿನಗಳ ಮಿತಿ ಇದೆ, ಅದಕ್ಕೆ ನಿಗದಿತ ದಿನಗಳ ವಂತಿಗೆ ಕಟ್ಟಿರಬೇಕೆಂಬ ಷರತ್ತೂ ಇದೆ. ಕೆಲಸದ ಗಾಯಕ್ಕಾದರೋ ವಂತಿಗೆಯ ಷರತ್ತಿಲ್ಲ, ನೌಕರಿಗೆ ಸೇರಿದ ಮೊದಲ ದಿನವೇ ಗಾಯವಾದರೂ ಹಕ್ಕು ಉಂಟು, ಅಸಮರ್ಥತೆ ಇರುವಷ್ಟು ಕಾಲವೂ ಹಣ ಬರುತ್ತದೆ. ಜೊತೆಗೆ, ಆ ಪರಿಹಾರ ಪಡೆಯುತ್ತಿರುವ ಅವಧಿಯಲ್ಲಿ ಅವನನ್ನು ಕೆಲಸದಿಂದ ತೆಗೆಯುವಂತಿಲ್ಲ ಎಂದು ಇ.ಎಸ್.ಐ. ಕಾಯ್ದೆಯ 73ನೇ ಕಲಮು ಕೊಟ್ಟಿದ್ದ ರಕ್ಷಣೆ ದಾಖಲೆಯಿಲ್ಲದವನಿಗೆ ಎಲ್ಲಿಂದ ಸಿಗಬೇಕು?

ಗುತ್ತಿಗೆ ಕಾರ್ಮಿಕರ ವಿಷಯಕ್ಕೆ ಬಂದರೆ ಲೆಕ್ಕ ಇನ್ನೂ ವಿಚಿತ್ರವಾಗುತ್ತದೆ. ಕಾಯಂ ನೌಕರನಿಗಾದರೆ ಒಂದು ಹೆಸರು, ಒಂದು ಟೋಕನ್ ನಂಬರು, ಒಂದು ಹಾಜರಿ ಸಾಲು ಇದೆ; ಅವನು ಬಾರದಿದ್ದರೆ ಆ ಸಾಲು ಖಾಲಿ ಕಾಣುತ್ತದೆ. ಗುತ್ತಿಗೆದಾರನಿಂದ ಕಾರ್ಖಾನೆ ಕೇಳುವುದು ಜನರನ್ನಲ್ಲ, ತಲೆಗಳ ಸಂಖ್ಯೆಯನ್ನು. ನಲವತ್ತು ಮಂದಿ ಬೇಕೆಂದರೆ ನಲವತ್ತು ಮಂದಿ ಬರುತ್ತಾರೆ. ನಿನ್ನೆ ಕಾಲಿನ ಮೇಲೆ ಪ್ರೆಸ್ಸಿನ ಅಚ್ಚು (ಡೈ) ಬಿದ್ದವನ ಜಾಗಕ್ಕೆ ಇಂದು ಇನ್ನೊಬ್ಬ ಬಂದಿರುತ್ತಾನೆ. ಕಾರ್ಖಾನೆಯ ದೃಷ್ಟಿಯಲ್ಲಿ ಅಲ್ಲಿ ಒಂದು ದಿನವೂ ನಷ್ಟವಾಗಿಲ್ಲ. ಕಾಲು ಮುರಿದವನು ಯಾದಗಿರಿಗೋ ರಾಯಚೂರಿಗೋ ಒಡಿಶಾಕ್ಕೋ ಬಿಹಾರಕ್ಕೋ ಹೋಗುವ ರೈಲು ಹತ್ತಿರುತ್ತಾನೆ, ಅವನು ಊರಿನಲ್ಲಿ ಮಲಗಿದ ಎರಡು ಮೂರು ತಿಂಗಳು ಯಾವ ಪುಸ್ತಕಕ್ಕೂ ಸೇರುವುದಿಲ್ಲ. ಕಾರ್ಖಾನೆ ಕಾಯ್ದೆಯ ವ್ಯಾಖ್ಯಾನದಲ್ಲಿ ಗುತ್ತಿಗೆದಾರನ ಮೂಲಕ ಬಂದವನೂ ಕಾರ್ಮಿಕನೇ ಆಗಿದ್ದ, ಇ.ಎಸ್.ಐ.ನಲ್ಲಿ ಅವನ ವಂತಿಗೆಯ ಮೊದಲ ಹೊಣೆ ಮುಖ್ಯ ಮಾಲೀಕನ ಮೇಲೆಯೇ ಇತ್ತು. ಕಾನೂನಿನಲ್ಲಿ ಕೊರತೆಯಿರಲಿಲ್ಲ. ಆದರೆ ದರ ಲೆಕ್ಕ ಹಾಕುವಾಗ ಕೆಲವು ಕಡೆ ಗುತ್ತಿಗೆಯವರ ಮಾನವ ಗಂಟೆಗಳು ಛೇದಕ್ಕೆ ಸೇರುತ್ತವೆ, ಅವರ ಗಾಯಗಳು ಅಂಶಕ್ಕೆ ಸೇರುವುದಿಲ್ಲ. ಪ್ರೌಢಶಾಲೆಯ ಗಣಿತ ಗೊತ್ತಿರುವ ಯಾರಿಗಾದರೂ ಇದರಿಂದ ಭಿನ್ನರಾಶಿ ಎಷ್ಟು ಚೆನ್ನಾಗಿ ಚಿಕ್ಕದಾಗುತ್ತದೆ ಎಂಬುದು ಅರ್ಥವಾದೀತು.

ಹೊರದೇಶದ ಮಾತೃಸಂಸ್ಥೆ ಇರುವ ಅಥವಾ ಹೊರದೇಶದ ದೊಡ್ಡ ಖರೀದಿದಾರರಿಗೆ ಮಾಲು ಕಳುಹಿಸುವ ಕಾರ್ಖಾನೆಗಳು ಬೆಂಗಳೂರಿನ ಸುತ್ತಮುತ್ತ ಸಾಕಷ್ಟಿವೆ. ಅಮೆರಿಕದ ನಿಯಮದಂತೆ ಲೆಕ್ಕ ಇಡುವಲ್ಲಿ, ಗಾಯವಾದ ಮರುದಿನದಿಂದ ಕ್ಯಾಲೆಂಡರ್ ದಿನಗಳನ್ನು ಎಣಿಸಬೇಕು. ಕೆಲಸದಿಂದ ದೂರವಿದ್ದ ದಿನಗಳಿಗೆ ಒಂದು ಕಂಬಸಾಲು, ಹಗುರ ಕೆಲಸದಲ್ಲಿ ಅಥವಾ ಬೇರೆ ಕೆಲಸದಲ್ಲಿ ಕಳೆದ ದಿನಗಳಿಗೆ ಇನ್ನೊಂದು ಕಂಬಸಾಲು. ಎರಡೂ ಸೇರಿ 180 ದಿನ ತಲುಪಿದರೆ ಎಣಿಕೆ ನಿಲ್ಲಿಸಬಹುದು. ಬ್ರಿಟನ್ನಿನಲ್ಲಿ 2012ರ ಏಪ್ರಿಲ್‌ವರೆಗೆ ಮೂರು ದಿನಗಳನ್ನು ಮೀರಿದ ಅಸಮರ್ಥತೆಯನ್ನು ವರದಿ ಮಾಡಬೇಕಿತ್ತು, ನಂತರ ಅದನ್ನು ಏಳು ದಿನಕ್ಕೆ ಸಡಿಲಿಸಿದರು, ಆದರೆ ವಾರದ ರಜೆಗಳನ್ನು ಎಣಿಕೆಯಲ್ಲಿ ಉಳಿಸಿಕೊಂಡರು. ಅಲ್ಲಿನ ಮಿತಿಗಳು ನಮಗಿಂತ ಕಠಿಣವೆಂದು ನಾನು ಇದನ್ನು ಹೇಳುತ್ತಿಲ್ಲ; ವರದಿಯ ಮಿತಿಯಲ್ಲಿ ನಮ್ಮ 48 ಗಂಟೆಯೇ ಬ್ರಿಟನ್ನಿನದಕ್ಕಿಂತ ಬಿಗಿ. ಸ್ಟೋರ್ಸಿನಲ್ಲಿ ಕುಳಿತವನ ದಿನಗಳಿಗೂ ಒಂದು ಕಂಬಸಾಲು ಇರಬಹುದೆಂಬ ಸರಳ ಯೋಚನೆ ನಮ್ಮ ಸರ್ಕಾರಿ ನಮೂನೆಗಳಲ್ಲಿ ಇಲ್ಲದಿರುವುದನ್ನು ತೋರಿಸಲು ಹೇಳಿದೆ. ಒಂದೇ ಕಾರ್ಖಾನೆ ಒಂದೇ ಗಾಯಕ್ಕೆ ಮಾತೃಸಂಸ್ಥೆಯ ವರದಿಯಲ್ಲಿ ಇಪ್ಪತ್ತು ದಿನ ಬರೆದು, ಇಲ್ಲಿನ ಇಲಾಖೆಗೆ ಏನನ್ನೂ ಬರೆಯದಿರುವುದು ಈ ಕಾರಣಕ್ಕೆ ಸಾಧ್ಯವಾಗುತ್ತದೆ. ಹಾಗೆ ಮಾಡುವುದು ಆ ಕಾರ್ಖಾನೆಗೆ ಲೆಕ್ಕ ಬಾರದೆಂದಲ್ಲ, ಇಲ್ಲಿ ಕೇಳುವವರಿಲ್ಲವೆಂದು.

ಸಣ್ಣ ಕಾರ್ಖಾನೆಗಳ ಪರಿಸ್ಥಿತಿ ಬೇರೆ. ಹಳೆಯ ಕಾರ್ಖಾನೆ ಕಾಯ್ದೆಯಲ್ಲಿ ಸುರಕ್ಷತಾ ಅಧಿಕಾರಿಯನ್ನು ನೇಮಿಸಲು ಸಾಮಾನ್ಯವಾಗಿ 1,000 ಕಾರ್ಮಿಕರಿರಬೇಕಿತ್ತು, ಹೊಸ ಸುರಕ್ಷತಾ ಸಂಹಿತೆ ಕಾರ್ಖಾನೆಗಳಿಗೆ ಅದನ್ನು 500ಕ್ಕೆ, ಅಪಾಯಕಾರಿ ಪ್ರಕ್ರಿಯೆಯಿರುವಲ್ಲಿ 250ಕ್ಕೆ ಇಳಿಸಿದೆ. ಇದು ಸ್ವಾಗತಾರ್ಹ. ಆದರೆ ಪೀಣ್ಯದ, ಬೊಮ್ಮಸಂದ್ರದ, ಹುಬ್ಬಳ್ಳಿಯ ಗೋಕುಲ ರಸ್ತೆಯ, ಬೆಳಗಾವಿಯ ಉದ್ಯಮಬಾಗದ ಹೆಚ್ಚಿನ ಘಟಕಗಳಲ್ಲಿ ದುಡಿಯುವವರು ಇಪ್ಪತ್ತು, ನಲವತ್ತು, ಎಂಬತ್ತು ಮಂದಿ. ಅದೇ ಸಂಹಿತೆ ವಿದ್ಯುತ್ ಬಳಸುವ ಕಾರ್ಖಾನೆಯ ವ್ಯಾಖ್ಯಾನವನ್ನು 10 ಕಾರ್ಮಿಕರಿಂದ 20ಕ್ಕೆ ಏರಿಸಿರುವುದರಿಂದ, ಬೆರಳು ಕಳೆದುಕೊಳ್ಳುವ ಸಂಭವ ಹೆಚ್ಚಿರುವ ಎಷ್ಟೋ ಪ್ರೆಸ್ ಷಾಪುಗಳು ಕಾರ್ಖಾನೆ ಎಂಬ ಹೆಸರಿನಿಂದಲೇ ಹೊರಗುಳಿಯುತ್ತವೆ. ಅಂಥಲ್ಲಿ ದಿನಗಳನ್ನು ಎಣಿಸುವವರು ಮಾಲೀಕರು ಅಥವಾ ವಾರಕ್ಕೆರಡು ಸಲ ಬರುವ ಲೆಕ್ಕಿಗರು. ಅವರಿಗೆ ಮಾನಕದ ಪುಸ್ತಕ ಓದಿಸುವುದಕ್ಕಿಂತ, ಸಣ್ಣ ಘಟಕಕ್ಕೂ ತುಂಬಲು ಬರುವಂತಹ ಒಂದು ಪುಟದ ಕನ್ನಡ ನಮೂನೆಯನ್ನು ಕೊಡುವುದು ಹೆಚ್ಚು ಉಪಯೋಗಕ್ಕೆ ಬಂದೀತು.

ಎಣಿಕೆಗೆ ಸಿಗದ ಗಾಯಗಳೂ ಇವೆ. ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಹೊಲಿಗೆ ಯಂತ್ರದ ಸೂಜಿ ಬೆರಳಿಗೆ ತೂರಿ ಮುರಿದುಕೊಂಡರೆ, ಸೂಜಿ ತೆಗೆಸಿ, ಟಿ.ಟಿ. ಇಂಜೆಕ್ಷನ್ ಕೊಡಿಸಿ, ಅದೇ ಮಧ್ಯಾಹ್ನ ಹೆಣ್ಣುಮಕ್ಕಳನ್ನು ಮತ್ತೆ ಲೈನಿಗೆ ಕೂರಿಸಲಾಗುತ್ತದೆ. ಸಿಲಿಕಾ ಧೂಳಿನಿಂದ ಶ್ವಾಸಕೋಶಕ್ಕೆ ಬರುವ ಸಿಲಿಕೋಸಿಸ್, ಕಿವುಡುತನ ಮುಂತಾದ ಔದ್ಯೋಗಿಕ ಕಾಯಿಲೆಗಳಿಗೆ ಅಪಘಾತದ ದಿನವೆಂಬುದೇ ಇರುವುದಿಲ್ಲ. ಅವುಗಳಿಗೆ ಬೇರೆ ಅಳತೆ ಬೇಕು. ಈ ಪತ್ರದಲ್ಲಿ ಅವನ್ನು ಬೆರೆಸುವುದಿಲ್ಲ.

ಕಾರ್ಖಾನೆಗಳು ದಿನಗಳನ್ನು ಮುಚ್ಚಿಡುವುದು ಕಾನೂನಿನ ಭಯದಿಂದ ಮಾತ್ರ ಎಂದು ನನಗೆ ಅನಿಸಿಲ್ಲ. ದಂಡದ ಭಯಕ್ಕಿಂತ ದೊಡ್ಡದು ಖರೀದಿದಾರರ ಪಟ್ಟಿಯಿಂದ ಬಿದ್ದುಹೋಗುವ ಭಯ. ಟೆಂಡರಿನಲ್ಲಿ, ಸರಬರಾಜುದಾರರ ಮೌಲ್ಯಮಾಪನದಲ್ಲಿ, ಒಳಗಿನ ಬಡ್ತಿಯಲ್ಲಿ, ವಿಭಾಗದ ಬೋನಸ್ಸಿನಲ್ಲಿ ‘ಕೆಲಸದ ದಿನ ನಷ್ಟವಾದ ಅಪಘಾತ ಎಷ್ಟು’ ಎಂಬ ಒಂದು ಪ್ರಶ್ನೆ ಇರುತ್ತದೆ, ಸೊನ್ನೆ ಎಂಬ ಉತ್ತರಕ್ಕೆ ಪೂರ್ತಿ ಅಂಕ. ಒಂದು ವಿಭಾಗದಲ್ಲಿ ಒಬ್ಬನಿಗೆ ಗಾಯವಾದರೆ ಇಡೀ ವಿಭಾಗದ ಬಹುಮಾನದ ಹಣ ಹೋಗುತ್ತದೆ ಎಂಬ ವ್ಯವಸ್ಥೆ ಇರುವಲ್ಲಿ, ಗಾಯಾಳುವನ್ನು ಸುಮ್ಮನಿರಿಸುವವರು ಅವನ ಜೊತೆಗಾರರೇ. ಥರ್ಮಾಮೀಟರನ್ನು ತಣ್ಣೀರಿನಲ್ಲಿ ಅದ್ದಿ ಜ್ವರ ಇಳಿಯಿತೆಂದು ನಂಬಿದಂತೆ, ಆಡಳಿತ ಮಂಡಳಿ ತಾನೇ ಕಟ್ಟಿದ ಬಹುಮಾನದ ವ್ಯವಸ್ಥೆಯಿಂದ ಬಂದ ಸೊನ್ನೆಯನ್ನು ನಂಬುತ್ತದೆ. ಮುಂದೊಂದು ದಿನ ಅದೇ ಪ್ರೆಸ್ಸಿನಲ್ಲಿ ಒಬ್ಬನ ಪೂರ್ತಿ ಅಂಗೈ ಹೋದಾಗ, ಹಿಂದೆ ಯಾವ ಸೂಚನೆಯೂ ಇರಲಿಲ್ಲ ಎಂದು ವಿಚಾರಣಾ ವರದಿ ಹೇಳುತ್ತದೆ. ಸೂಚನೆಗಳಿದ್ದವು, ಸ್ಟೋರ್ಸಿನಲ್ಲಿ ಕುಳಿತಿದ್ದವು.

ರಾಜ್ಯ ಸರ್ಕಾರದ ಕೈಯಲ್ಲಿ ಇದನ್ನು ಸರಿಪಡಿಸುವ ಅಧಿಕಾರವಿದೆ, ಅದಕ್ಕೆ ಸಂಸತ್ತಿನ ತಿದ್ದುಪಡಿ ಬೇಕಿಲ್ಲ. ಸುರಕ್ಷತಾ ಸಂಹಿತೆಯ 10ನೇ ಕಲಮು 48 ಗಂಟೆಯ ಅಪಘಾತಗಳ ಜೊತೆಗೆ, ಸೂಕ್ತ ಸರ್ಕಾರ ನಿಗದಿಪಡಿಸುವ ಇತರ ಸ್ವರೂಪದ ಅಪಘಾತಗಳನ್ನೂ ವರದಿ ಮಾಡಬೇಕೆನ್ನುತ್ತದೆ, ರಾಜ್ಯದ ಕಾರ್ಖಾನೆಗಳಿಗೆ ಸಂಬಂಧಿಸಿದಂತೆ ಆ ಸೂಕ್ತ ಸರ್ಕಾರ ರಾಜ್ಯವೇ. ವೈದ್ಯರು ಎರಡು ದಿನ ಅಥವಾ ಹೆಚ್ಚು ವಿಶ್ರಾಂತಿ ಬರೆದ ಯಾವುದೇ ಕೆಲಸದ ಗಾಯವನ್ನು, ಗಾಯಾಳು ಕಾರ್ಖಾನೆಗೆ ಬಂದನೋ ಬಿಟ್ಟನೋ ಎಂಬುದನ್ನು ನೋಡದೆ ವರದಿ ಮಾಡಬೇಕೆಂದು ರಾಜ್ಯದ ನಿಯಮಗಳಲ್ಲಿ ಒಂದು ಸಾಲು ಸೇರಿಸಿದರೆ, ಸೋಮವಾರದ ಪಂಚಿಗೆ ಬೆಲೆಯೇ ಉಳಿಯುವುದಿಲ್ಲ. ಆಗ ಅವನನ್ನು ಕರೆತರುವ ವಾಹನದ ಡೀಸೆಲ್ಲಾದರೂ ಕಂಪನಿಗೆ ಉಳಿದೀತು.

ಇನ್ನೊಂದು ಕೊರತೆ ಸಮಯಕ್ಕೆ ಸಂಬಂಧಿಸಿದ್ದು. ಅಪಘಾತದ ಸೂಚನೆಯನ್ನು ಆರಂಭದಲ್ಲಿ ಒಮ್ಮೆ ಕಳುಹಿಸಲಾಗುತ್ತದೆ. ಆಗ ಗಾಯಾಳು ಇನ್ನೂ ಆಸ್ಪತ್ರೆಯಲ್ಲಿರುತ್ತಾನೆ, ಎಷ್ಟು ದಿನ ಎಂಬುದು ಯಾರಿಗೂ ಗೊತ್ತಿರುವುದಿಲ್ಲ, ಅಂದಾಜು ಬರೆಯುತ್ತಾರೆ. ಕೊನೆಯಲ್ಲಿ ಅದು ಎಷ್ಟು ದಿನವಾಯಿತೆಂದು ಹಿಂದಿರುಗಿ ತಿದ್ದುವ ಜವಾಬ್ದಾರಿ ಯಾರ ಮೇಲೂ ಸ್ಪಷ್ಟವಾಗಿ ಬೀಳುವುದಿಲ್ಲ. ಇ.ಎಸ್.ಐ. ವೈದ್ಯರು ಮೊದಲ ಪ್ರಮಾಣಪತ್ರ, ನಡುವಿನ ಪ್ರಮಾಣಪತ್ರ, ಕೆಲಸಕ್ಕೆ ಅರ್ಹನೆಂಬ ಕೊನೆಯ ಪ್ರಮಾಣಪತ್ರ ಎಂದು ಹಂತಹಂತವಾಗಿ ಕೊಡುತ್ತಾರೆ. ಆ ಕೊನೆಯ ಪ್ರಮಾಣಪತ್ರದ ದಿನಾಂಕ ಸಿಕ್ಕ ಮೇಲೆ ಕಾರ್ಖಾನೆ ಎರಡನೆಯ ವರದಿಯೊಂದನ್ನು ಕಳುಹಿಸಿ, ಒಟ್ಟು ಕ್ಯಾಲೆಂಡರ್ ದಿನಗಳು, ಅವುಗಳಲ್ಲಿ ಮನೆಯಲ್ಲಿ ಕಳೆದವು ಎಷ್ಟು, ಹಗುರ ಕೆಲಸದಲ್ಲಿ ಕಳೆದವು ಎಷ್ಟು, ಗಾಯಾಳು ಕಾಯಂ ನೌಕರನೋ ಗುತ್ತಿಗೆಯವನೋ ಎಂಬುದನ್ನು ತಿಳಿಸಬೇಕು. ಇ.ಎಸ್.ಐ. ವ್ಯಾಪ್ತಿ ಈಗ ತಿಂಗಳಿಗೆ 21,000 ರೂಪಾಯಿವರೆಗಿನ ವೇತನದವರಿಗೆ ಸೀಮಿತವಾಗಿರುವುದರಿಂದ, ಅದಕ್ಕಿಂತ ಹೆಚ್ಚು ಸಂಬಳದವರ ವಿಷಯದಲ್ಲಿ ಚಿಕಿತ್ಸೆ ನೀಡಿದ ವೈದ್ಯರ ಚೀಟಿಯನ್ನೇ ಆಧಾರವಾಗಿ ಇಟ್ಟುಕೊಳ್ಳಬಹುದು.

ಈ ಎರಡನೆಯ ವರದಿ ಬಂದರೆ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಗೆ ಹೆಚ್ಚು ನಿರೀಕ್ಷಕರಿಲ್ಲದೆಯೂ ಒಂದು ಕೆಲಸ ಮಾಡಲು ಬರುತ್ತದೆ. ಒಂದು ಕಾರ್ಖಾನೆಯ ಎಷ್ಟು ಮಂದಿಗೆ, ಎಷ್ಟು ದಿನಗಳಿಗೆ ತಾತ್ಕಾಲಿಕ ಅಂಗವೈಕಲ್ಯದ ಪರಿಹಾರ ಕೊಡಲಾಯಿತು ಎಂಬ ಲೆಕ್ಕ ಇ.ಎಸ್.ಐ. ನಿಗಮದ ಬಳಿ ಹಣದ ಲೆಕ್ಕವಾಗಿ ಇರುತ್ತದೆ, ಹಣದ ಲೆಕ್ಕ ಸುಲಭಕ್ಕೆ ಸುಳ್ಳಾಗುವುದಿಲ್ಲ. ಅದನ್ನು ಅದೇ ಕಾರ್ಖಾನೆ ಇಲಾಖೆಗೆ ಕಳುಹಿಸಿದ ಅಪಘಾತ ಸೂಚನೆಗಳ ಪಕ್ಕದಲ್ಲಿಟ್ಟು ವರ್ಷಕ್ಕೊಮ್ಮೆ ಹೋಲಿಸಬೇಕು. ನಿಗಮ ಹನ್ನೆರಡು ಮಂದಿಗೆ ಹಣ ಕೊಟ್ಟಿದ್ದು ಇಲಾಖೆಗೆ ಎರಡೇ ಸೂಚನೆ ಬಂದಿದ್ದರೆ, ನಿರೀಕ್ಷಕರು ಮೊದಲು ಎಲ್ಲಿಗೆ ಹೋಗಬೇಕೆಂಬುದು ಕಚೇರಿಯಲ್ಲಿ ಕುಳಿತೇ ಗೊತ್ತಾಗುತ್ತದೆ. ಹೆಚ್ಚು ದಿನ ಬರೆದ ಕಾರ್ಖಾನೆಯನ್ನು ಅದೊಂದೇ ಕಾರಣಕ್ಕೆ ದಂಡಿಸಬಾರದೆಂಬುದೂ ಈ ಕ್ರಮದ ಜೊತೆಗೇ ಬರಬೇಕು. ಇಲ್ಲವಾದರೆ ಈಗಿನ ಆಟವೇ ಬೇರೆ ನಮೂನೆಯಲ್ಲಿ ಮುಂದುವರಿಯುತ್ತದೆ.

ಸುರಕ್ಷತಾ ಪ್ರಶಸ್ತಿಗಳ ಆಯ್ಕೆ ಸಮಿತಿಗಳಿಗೂ ಒಂದು ಮನವಿ ಇದೆ. ಮುಂದಿನ ಮಾರ್ಚ್‌ಗೆ ಅರ್ಜಿ ಕರೆಯುವಾಗ ಅಪಘಾತವಿಲ್ಲದ ದಿನಗಳ ಸಂಖ್ಯೆಯನ್ನು ಕೇಳುವುದನ್ನು ಬಿಟ್ಟು, ಗುತ್ತಿಗೆಯವರೂ ಸೇರಿದಂತೆ ಐ.ಎಸ್. 3786ರ ವಿಧಾನದಲ್ಲಿ ಲೆಕ್ಕ ಹಾಕಿದ ತೀವ್ರತೆಯ ದರವನ್ನು, ಅದಕ್ಕೆ ಆಧಾರವಾದ ವೈದ್ಯಕೀಯ ಪ್ರಮಾಣಪತ್ರಗಳ ಪಟ್ಟಿಯೊಂದಿಗೆ ಕೇಳಲಿ. ಪ್ರತಿ ಗಾಯದ ನಂತರ ಯಂತ್ರಕ್ಕೆ ಏನು ಬದಲಾವಣೆ ಮಾಡಲಾಯಿತು ಎಂಬುದಕ್ಕೂ ಅರ್ಧದಷ್ಟು ಅಂಕ ಇರಲಿ. ಮೊದಲ ವರ್ಷ ಅರ್ಜಿಗಳು ಕಡಿಮೆ ಬಂದಾವು; ಬಂದ ಅರ್ಜಿಗಳಾದರೂ ಓದಲು ಯೋಗ್ಯವಾಗಿರುತ್ತವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸುರಕ್ಷತಾ ಅಧಿಕಾರಿ,
ಬೆಂಗಳೂರು